ಕೋಟೆಗೆ ನಲವತ್ತೇ ಜನ

ಕೋಟೆಯ ಮೆಟ್ಟಿಲು ಇನ್ನೂರು. ಅಷ್ಟನ್ನೂ ನಾನು ಓಡಿಯೇ ಹತ್ತುತ್ತಿದ್ದೆ.

ಹಿಂದೆ ಇಬ್ಬರು. ಒಬ್ಬನ ಕೈಯಲ್ಲಿ ಚಾಕು... ಇನ್ನೊಬ್ಬ ಗೂಳಿಯಂಥವನು. ಅವನಿಗೆ ಚಾಕು ಬೇಕಿರಲಿಲ್ಲ.

"ಪೇಪರ್ ಕೊಟ್ಬಿಡು, ಜೀವ ಉಳಿಸ್ಕೋ!"

ಪೇಪರ್ ನನ್ನ ಅಂಗಿಯೊಳಗಿತ್ತು. ಅದರಲ್ಲಿ ಕೋಟೆಯೊಳಗಿನ ಮೂವತ್ತು ಮನೆಯವರ ಸಹಿ. ಮೀಟಿಂಗಿನ ಹಾಜರಿ ಎಂದು ನಂಬಿಸಿ ರೆಸಾರ್ಟ್ ಧಣಿ ಹಾಕಿಸಿಕೊಂಡದ್ದು. ಅಸಲಿಗೆ ಅದು ಮನೆ ಖಾಲಿ ಮಾಡುವ ಒಪ್ಪಿಗೆ. ಪ್ರವಾಸಿಗರನ್ನು ಮನೆಯಲ್ಲೇ ಇಳಿಸಿಕೊಂಡು, ತಾವೇ ಕೋಟೆ ತೋರಿಸಿ ಬದುಕು ಕಟ್ಟಿಕೊಂಡ ಜನ ಬೀದಿಗೆ ಬೀಳುತ್ತಿದ್ದರು.

ಕೈತಪ್ಪಿದ್ದನ್ನು ವಾಪಸ್ ತರುವುದು ನನ್ನ ಕಸುಬು. ಈ ಕೆಲಸ ಒಪ್ಪಿಸಿದ್ದು ಕೋಟೆ ಸಮಿತಿಯ ಅಧ್ಯಕ್ಷೆ. ಅಂದರೆ ನನ್ನ ಅತ್ತೆ. ಆಗಲ್ಲ ಎನ್ನುವಂತಿರಲಿಲ್ಲ.

ಧಣಿಯ ಆಫೀಸಿಗೆ ನುಗ್ಗಿದೆ. ಪೇಪರ್ ಎತ್ತಿದೆ. ಕಿಟಕಿಯಿಂದ ಹಾರಿದೆ.

ಮೆಟ್ಟಿಲು ಮುಗಿಯಿತು. ಕೋಟೆಯ ಹೆಬ್ಬಾಗಿಲಲ್ಲಿ ಅತ್ತೆಯೇ ಕೂತಿದ್ದರು.

"ಅತ್ತೆ, ದಾರಿ ಬಿಡಿ."

"ಟೋಕನ್ ತಗೊಳ್ಳಿ, ಅಳಿಯಂದಿರೇ."

"ಚಾಕು ಹಿಡ್ಕೊಂಡು ಬರ್ತಿದಾರೆ..."

"ಬರ್ಲಿ. ದಿನಕ್ಕೆ ನಲವತ್ತೇ ಜನ. ಜಾಸ್ತಿ ತುಳಿದ್ರೆ ಕಲ್ಲು ಸವೆಯುತ್ತೆ. ನೀವು ನಲವತ್ತನೆಯವರು. ಪುಣ್ಯವಂತರು."

ನಾನು ಒಳಗೆ ನುಸುಳಿದೆ. ಅವರಿಬ್ಬರೂ ಬಂದೇಬಿಟ್ಟರು. ಅತ್ತೆ ಟೋಕನ್ ಡಬ್ಬಿ ಮುಚ್ಚಿದರು.

"ಇವತ್ತಿಂದು ಮುಗೀತು. ನಾಳೆ ಬನ್ನಿ."

"ಏ ಮುದುಕಿ, ಪಕ್ಕಕ್ಕೆ ಸರಿ," ಎಂದ ಚಾಕುವಿನವನು.

"ಗೋಡೆ ಮೇಲೆಲ್ಲ ಹುಡುಗೀರ ಹೆಸರು ಕೆತ್ತೋನು ನೀನೇನಾ?"

ಅಷ್ಟರಲ್ಲಿ ಕೋಟೆಯೊಳಗಿನ ಮನೆಗಳಿಂದ ಕುಂಬಾರ ಎದ್ದು ಬಂದ. ಮಗ್ಗದ ಅಕ್ಕಂದಿರು ಬಂದರು. ಅವರ ಹಿಂದೆ ಮೂವತ್ತೊಂಬತ್ತು ಪ್ರವಾಸಿಗರು... ಒಬ್ಬೊಬ್ಬರ ಕೈಯಲ್ಲೂ ಫೋನ್. ವಿಡಿಯೋ ಓಡುತ್ತಿತ್ತು.

"ಅಯ್ಯೋ, ನಾನಲ್ಲ ಅಜ್ಜಿ," ಎಂದವನೇ ಚಾಕುವಿನವನು ಕಾಲಿಗೆ ಬುದ್ಧಿ ಹೇಳಿದ.

ಗೂಳಿ ಮಾತ್ರ ಏದುಸಿರು ಬಿಡುತ್ತಾ ಮೆಟ್ಟಿಲ ಮೇಲೆಯೇ ಕುಸಿದಿದ್ದ.

ನಾನು ಪೇಪರ್ ಕೊಟ್ಟೆ. ಅತ್ತೆ ತಮ್ಮ ಸಹಿಯ ಮೇಲೆ ಬೆರಳಿಟ್ಟರು. ಕಣ್ಣು ಒದ್ದೆಯಾಗಿತ್ತು. ಆಮೇಲೆ ಚೂರುಚೂರು ಮಾಡಿ, ಒಂದು ಚೂರೂ ಕೆಳಗೆ ಬೀಳದಂತೆ ಕಸದ ಬುಟ್ಟಿಗೆ ಹಾಕಿದರು.

ಮತ್ತೆ ಗೂಳಿಯ ಮುಂದೆ ನೀರಿನ ಚೊಂಬಿಟ್ಟರು.

"ನಮ್ಮ ಗೈಡ್‌ಗೆ ಮಂಡಿ ನೋವು. ಇಲ್ಲೇ ಇದ್ದು ಕೆಲಸ ಕಲೀತೀಯೇನಪ್ಪಾ?"

ಅವನು ಚೊಂಬು ಖಾಲಿ ಮಾಡಿ ತಲೆಯಾಡಿಸಿದ.

ಈಗ ಕೋಟೆಯ ಇತಿಹಾಸ ಹೇಳುವವನು ಅವನೇ. ಪೂರ್ತಿ ಎರಡು ಗಂಟೆ. ಇದುವರೆಗೆ ಒಬ್ಬ ಪ್ರವಾಸಿಯೂ ಮಧ್ಯದಲ್ಲಿ ಎದ್ದು ಹೋಗಿಲ್ಲ.