ಹನ್ನೆರಡನೆಯ ಹೆಸರು

ಬೆಳಿಗ್ಗೆ ಎಂಟಕ್ಕೆ ಕೆಲಸದಾಕೆ ಬಾಗಿಲು ತೆಗೆದಾಗ ಝನ್ನಿಸ್ ಕೊರೆಲಿಸ್ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು. ತಲೆ ಒಡೆದಿತ್ತು. ಒಂದೇ ಹಳೇ ಹಡಗಿನಿಂದ ಶುರುಮಾಡಿ ನಲವತ್ತು ಹಡಗು ಮಾಡಿಕೊಂಡ ಧಣಿ. ಕಿಯೋಸ್ ದ್ವೀಪದ ನಮ್ಮೂರಿನ ಅರ್ಧ ಗಂಡಸರು ಅವರ ಹಡಗುಗಳಲ್ಲೇ ದುಡಿದವರು.

ಅವರ ಅಂಗಿಯ ಕಾಲರ್ ಹರಿದಿತ್ತು. ಜಾರಿ ಬಿದ್ದವರ ಕಾಲರ್ ಹರಿಯುವುದಿಲ್ಲ.

ಹಿಂದಿನ ಸಂಜೆ ಅವರ ಅಣ್ಣನ ಮಗ ಲೆಯೋನಿಸ್ ಬೀದಿಗೆ ಕೇಳುವಂತೆ ಜಗಳವಾಡಿದ್ದ. ಅವನನ್ನು ಠಾಣೆಗೆ ತಂದು ಕೂಡಿಹಾಕಿದೆ.

"ನಾನು ಹೊರಟಾಗ ಚಿಕ್ಕಪ್ಪ ಬೈತಾನೇ ಇದ್ರು ಸಾರ್!"

"ಎಲ್ರೂ ಹಾಗೇ ಹೇಳೋದು," ಎಂದೆ. ನನಗೆ ಆತುರ ಜಾಸ್ತಿ. ಅವನಿಗೆ ಜೀವಾವಧಿ ಖಾಯಂ ಎಂದುಕೊಂಡೆ.

*

ಅಂದು ಸತ್ತವರ ಶನಿವಾರ. ಮನೆಮನೆಯಿಂದ ಚರ್ಚಿಗೆ ಬೇಯಿಸಿದ ಸಿಹಿಗೋಧಿಯೂ ತೀರಿಕೊಂಡವರ ಹೆಸರಿನ ಚೀಟಿಯೂ ಹೋಗುತ್ತವೆ. ಅಂತ್ಯಕ್ರಿಯೆಯ ಮಾತಿಗೆ ಹೋದ ನನಗೂ ಪಾದ್ರಿ ಮಿಹಾಲಿಸ್ ಗೋಧಿಯ ಪೊಟ್ಟಣ ಕೊಟ್ಟರು.

"ಬೆಳಗಿನ ಪ್ರಾರ್ಥನೇಲಿ ಝನ್ನಿಸ್ ಹೆಸರೂ ಓದ್ಬಿಟ್ಟೆ ಪಾಪ. ಯಾರೋ ಹಳಬ್ರು ಅಂದ್ಕೊಂಡೆ. ಈಗ ಯೋಚಿಸಿದ್ರೆ, ಊರಲ್ಲಿ ಆ ಹೆಸರಿನೋರು ಇವ್ರೊಬ್ರೇ ಅಲ್ವಾ?"

"ಓದಿದ್ದು ಎಷ್ಟೊತ್ತಿಗೆ?"

"ಏಳಕ್ಕೆ."

"ಚೀಟಿ ತೋರ್ಸಿ!"

ಹಳದಿಯಾದ ಹಾಳೆ. ಮಾಸಿದ ಶಾಯಿಯಲ್ಲಿ ಹನ್ನೊಂದು ಹೆಸರು. ಕೆಳಗೆ ಹೊಸ ಶಾಯಿಯಲ್ಲಿ ಝನ್ನಿಸ್. ಆ ಹನ್ನೊಂದೂ ನನಗೆ ಬಾಯಿಪಾಠ. ಇಪ್ಪತ್ತು ವರ್ಷದ ಹಿಂದೆ ಧಣಿಯ ಮೊದಲ ಹಡಗಿನ ಜೊತೆ ಮುಳುಗಿದ ನಾವಿಕರು. ಬದುಕಿ ಬಂದವರು ಕ್ಯಾಪ್ಟನ್ ಇಸಿದೊರೋಸ್ ಒಬ್ಬರೇ. ಪ್ರತಿವರ್ಷ ಈ ಚೀಟಿ ಕೊಡುವವರೂ ಅವರೇ.

*

ಇಸಿದೊರೋಸ್ ಅಂಗಳದಲ್ಲಿ ಕೂತಿದ್ದರು. ಎದುರಿಗಿದ್ದ ಕಾಫಿ ಆರಿಹೋಗಿತ್ತು.

"ಏಳು ಗಂಟೆ ಹೊತ್ತಿಗೆ ಝನ್ನಿಸ್ ಸತ್ತಿದಾರೆ ಅಂತ ಕೊಂದವನಿಗೆ ಮಾತ್ರ ಗೊತ್ತಿತ್ತು, ಕ್ಯಾಪ್ಟನ್. ಹೆಸರು ಯಾಕೆ ಬರೆದ್ರಿ?"

"ಬರೀದೆ ಹೆಂಗಿರ್ಲಿ? ನಾನು ಕೊಂದೋರಿಗೆ ನಾನೇ ಪ್ರಾರ್ಥನೆ ಮಾಡಿಸ್ಬೇಕು. ಆ ಹನ್ನೊಂದು ಜನಕ್ಕೂ ಹಂಗೇ. ವಿಮೆ ದುಡ್ಡಿಗೋಸ್ಕರ ಹಡಗು ಮುಳುಗ್ಸು ಅಂದ ಝನ್ನಿಸ್, ಮುಳುಗಿಸ್ದೆ. ದೋಣಿ ಇಳಿಸೋಕೆ ಹೊತ್ತಿರುತ್ತೆ ಅಂದ್ಕೊಂಡಿದ್ದೆ."

"ನಿನ್ನೆ ಏನಾಯ್ತು?"

"ಲೆಯೋನಿಸ್ ಹೋದ್ಮೇಲೆ ಝನ್ನಿಸ್ ಮನೆಗೆ ಹೋದೆ. ಆ ಹನ್ನೊಂದು ಜನರ ಹೆಂಡ್ತೀರ ಮುಂದೆ ನಿಜ ಹೇಳೋಣ ಬಾ ಅಂದೆ. ನಕ್ಕ. ಕಾಲರ್ ಹಿಡಿದು ದೂಡಿದೆ."

"ಲೆಯೋನಿಸ್ ಲಾಕಪ್ಪಲ್ಲಿದಾನೆ."

ಅವರು ದಡಬಡಿಸಿ ಎದ್ದರು. "ನನ್ನ ಪಾಪಕ್ಕೆ ಅವನ್ಯಾಕೆ? ನಡೀರಿ."

*

ಲೆಯೋನಿಸ್‌ನನ್ನು ಬಿಟ್ಟೆ. ಅವನು ನನ್ನ ಮುಖವನ್ನೂ ನೋಡದೆ ಹೋದ.

"ಅವತ್ತು ಹಡಗಿನ ತನಿಖೆ ಮಾಡಿದ್ದು ನೀವೇ," ಎಂದರು ಕಂಬಿಯ ಹಿಂದಿನಿಂದ ಇಸಿದೊರೋಸ್. "ಬಿರುಗಾಳಿ ಅಂತ ಬರೆದ್ರಿ. ಎಲ್ಲಿತ್ತು ಬಿರುಗಾಳಿ?"

"ಇರ್ಲಿಲ್ಲ."

ಧಣಿಗೆ ಹೆದರಿ ಬರೆದಿದ್ದೆ. ಅಂದು ಹೆದರದಿದ್ದರೆ ಇಂದು ಹನ್ನೆರಡನೆಯ ಹೆಸರು ಇರುತ್ತಿರಲಿಲ್ಲ.

"ಮುಂದಿನ ವರ್ಷ ಚೀಟಿ ಕೊಡೋರು ಯಾರು?"

"ನಾನು ಕೊಡ್ತೀನಿ."

ಪೊಟ್ಟಣ ಬಿಚ್ಚಿದೆ. ಗೋಧಿ ಬಾಯಿಗೆ ಹಾಕಿಕೊಂಡು, ಅದನ್ನು ತಿನ್ನುವಾಗ ಊರಿನವರೆಲ್ಲ ಹೇಳುವ ಮಾತನ್ನೇ ಹೇಳಿದೆ. "ದೇವರು ಅವರನ್ನ ಕ್ಷಮಿಸ್ಲಿ." ನಮ್ಮನ್ನೂ ಎಂದು ಸೇರಿಸಲು ನನಗೆ ಬಾಯಿ ಬರಲಿಲ್ಲ.