ಕಳಚಿಟ್ಟ ಬ್ಯಾಟರಿ

ಮೂರು ದಿನದಿಂದ ಆ ಹಾಯಿದೋಣಿಯ ಇಂಜಿನ್ ನನ್ನ ತಲೆ ತಿನ್ನುತ್ತಿತ್ತು. ವೈರು ಬದಲಿಸಿದೆ, ಆಲ್ಟರ್ನೇಟರ್ ಬಿಚ್ಚಿ ಕಟ್ಟಿದೆ. ಹಾಳು ಬ್ಯಾಟರಿ ಚಾರ್ಜೇ ಹಿಡಿಯದು. ಕೀ ತಿರುಗಿಸಿದರೆ ಬರೀ ಟಿಕ್.

"ನಮ್ಮನೆಯವರು ದಿನಾ ಹನ್ನೆರಡಕ್ಕೆ ಇಂಜಿನ್ ಓಡಿಸಿ ಬ್ಯಾಟರಿ ತುಂಬಿಸ್ತಿದ್ರು. ಒಂದಿನಾನೂ ಕೈಕೊಟ್ಟಿರಲಿಲ್ಲ," ಎಂದರು ದೋಣಿಯ ಒಡತಿ. ಗಂಡ ತೀರಿಕೊಂಡು ವರ್ಷವಾಗಿತ್ತು.

"ಹಾಗಾದ್ರೆ ಅವರನ್ನೇ ಕರೀರಿ ಅಕ್ಕಾ!" ಎಂದು ರೇಗಿ, ತಕ್ಷಣ ನಾಲಿಗೆ ಕಚ್ಚಿಕೊಂಡೆ.

ಸತ್ತ ಬ್ಯಾಟರಿಯನ್ನು ಕಳಚಿ ಜೆಟ್ಟಿಯ ಮೇಲೆ ತಂದಿಟ್ಟೆ. ಅಕ್ಕ ನನ್ನ ಪಕ್ಕದಲ್ಲೇ ನಿಂತಿದ್ದರು. ದೋಣಿಯಲ್ಲಿ ಯಾರೂ ಇರಲಿಲ್ಲ. ಸರಿಯಾಗಿ ಹನ್ನೆರಡಕ್ಕೆ ಒಳಗೆ ಇಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಸುಡುಬಿಸಿಲಲ್ಲಿದ್ದ ಬ್ಯಾಟರಿ ಮುಟ್ಟಿದರೆ ಕೊರೆಯುವಷ್ಟು ತಣ್ಣಗಿತ್ತು.

ಬಹಳ ಹೊತ್ತಿನ ಮೇಲೆ ಅಕ್ಕ ತಿರುಗಿಯೂ ನೋಡದೆ, "ರೀ, ಸಾಕು, ಆಫ್ ಮಾಡಿ," ಎಂದರು.

ನಿಂತಿತು.

ಬ್ಯಾಟರಿಗೆ ಮೀಟರ್ ಇಟ್ಟು ನೋಡಿದೆ. ಫುಲ್ ಚಾರ್ಜ್.