ಲಕ್ಷದ ಕಾಮಾ

ಸೋಮವಾರ ಬೆಳಿಗ್ಗೆ ನೋಡ್ತೀನಿ, ನನ್ನ ರಿಪೋರ್ಟೇ ತಲೆಕೆಳಗಾಗಿದೆ. ಮೇಲೆ ಜಯಾ ಅಂತ ನನ್ನದೇ ಹೆಸರು. ಅಂಕಿ ಮಾತ್ರ ನನ್ನವಲ್ಲ.

೧೯೯೭, ಅಮೆರಿಕದ ಜರ್ಮನ್‌ಟೌನ್. ನಮ್ಮ ಲ್ಯಾಬಿನ ಕಂಪ್ಯೂಟರು ರಕ್ತಪರೀಕ್ಷೆಯ ರಿಸಲ್ಟನ್ನು ಆಸ್ಪತ್ರೆಗಳಿಗೆ ಕಳಿಸಬೇಕಿತ್ತು. ನಡುವೆ ಮೆಸೇಜು ಸಾಗಿಸೋ ಯಾವ ಮಿಡಲ್‌ವೇರ್ ಹಾಕೋದು, ಕ್ಯೂನಾ ಬ್ರೋಕರಾ ಅಂತ ಟೆಸ್ಟ್ ಮಾಡಿದವಳು ನಾನು. ಕ್ಯೂ ಅಂಚೆಡಬ್ಬಿ ಇದ್ದಂತೆ. ಆ ಕಡೆ ಯಾರೂ ಇಲ್ಲದಿದ್ದರೂ ಕಾಗದ ಕಾದಿರುತ್ತೆ. ಬ್ರೋಕರ್ ಫೋನ್ ಇದ್ದಂತೆ. ಎತ್ತದಿದ್ದರೆ ಮಾತು ಹೋಯ್ತು. ವೈರ್ ಕಿತ್ತು ನೋಡಿದ್ದೆ. ಕ್ಯೂ ಒಂದನ್ನೂ ಕಳೆಯಲಿಲ್ಲ. ಈಗ ರಿಪೋರ್ಟಿನಲ್ಲಿ ಕಳೆದದ್ದೆಲ್ಲ ಕ್ಯೂನೇ ಅಂತಿದೆ.

"ಶುಕ್ರವಾರ ನೀನು ಬಾಯಲ್ಲಿ ಒಂದು ಹೇಳಿದೆ, ಕಾಗದದಲ್ಲಿ ಇನ್ನೊಂದು," ಅಂದಳು ಮ್ಯಾನೇಜರ್ ಲಿಂಡಾ. "ಮಧ್ಯಾಹ್ನದೊಳಗೆ ಉತ್ತರ ಕೊಡು. ಇಲ್ಲದಿದ್ದರೆ ಕೆಲಸ ಬಿಡು."

ಕೆಲಸ ಹೋದರೆ ವೀಸಾನೂ ಹೋಯ್ತು.

*

ಮೊದಲ ಅನುಮಾನ ನಮ್ಮ ಟೀಮಿನ ಕ್ರೇಗ್ ಮೇಲೆ. ಬ್ರೋಕರೇ ಬೇಕು ಅಂತ ಹಠ ಹಿಡಿದಿದ್ದವನು.

"ಅವನೇ ಮಾರಾಯ್ತಿ," ಅಂದರು ಶಾಂತಾರಾಮಣ್ಣ, ಕಾಫಿ ಕೊಡುತ್ತಾ. ನಮ್ಮ ಆಫೀಸಿನ ಇನ್ನೊಬ್ಬ ಕನ್ನಡದವರು. ಏರ್‌ಪೋರ್ಟಿನಿಂದ ನನ್ನನ್ನು ಕರೆತಂದು ಆರು ವಾರ ಮನೆಯಲ್ಲಿಟ್ಟುಕೊಂಡವರು. ಅವರ ಹೆಂಡತಿ ಬೇಬಿ ಅಕ್ಕ ನನಗೆ ಜ್ವರ ಬಂದಾಗ ಗಂಜಿ ಕಾಯಿಸಿಕೊಟ್ಟಿದ್ದರು.

ರಿಪೋರ್ಟನ್ನು ಮತ್ತೆ ಓದಿದೆ. ಒಟ್ಟು ಮೆಸೇಜು: 1,20,000.

ಲಕ್ಷ ಅನ್ನೋ ಲೆಕ್ಕವೇ ಇಲ್ಲದ ದೇಶ ಇದು. ಕ್ರೇಗ್ ಸತ್ತರೂ ಒಂದರ ಪಕ್ಕ ಕಾಮಾ ಹಾಕಲ್ಲ. ಆಫೀಸಿನಲ್ಲಿ ಹಾಗೆ ಹಾಕಿ ರೂಢಿ ಇದ್ದವರು ನಾವಿಬ್ಬರೇ. ಬಂದ ಹೊಸದರಲ್ಲೇ ಬೈಸಿಕೊಂಡು ನಾನು ಬಿಟ್ಟೆ.

*

ಲಿಂಡಾಳ ರೂಮಿಗೆ ಕ್ರೇಗ್, ಶಾಂತಾರಾಮಣ್ಣ ಇಬ್ಬರನ್ನೂ ಕರೆಸಿದೆ.

"ನೂರಿಪ್ಪತ್ತು ಸಾವಿರ ಅಂತ ಅಂಕಿಯಲ್ಲಿ ಬರೀರಿ," ಅಂದೆ.

ಕ್ರೇಗ್ ಬರೆದ: 120,000. ನಾನೂ ಹಾಗೇ. ಶಾಂತಾರಾಮಣ್ಣ ಯೋಚಿಸದೆ ಬರೆದುಕೊಟ್ಟರು: 1,20,000.

ಮೂರು ಚೀಟಿಗಳನ್ನೂ ರಿಪೋರ್ಟಿನ ಪಕ್ಕದಲ್ಲಿಟ್ಟೆ. ನನ್ನ ಹಳೆಯ ರಿಪೋರ್ಟುಗಳು ಲಿಂಡಾಳ ಬೀರುವಿನಲ್ಲೇ ಇದ್ದವು. ಒಂದರಲ್ಲೂ ಲಕ್ಷದ ಕಾಮಾ ಇರಲಿಲ್ಲ. ಲಿಂಡಾ ಎಲ್ಲ ತೆಗೆದು ನೋಡಿದಳು.

ಶಾಂತಾರಾಮಣ್ಣನವರ ಮುಖ ಬಿಳಚಿಕೊಂಡಿತು. ಕನ್ನಡದಲ್ಲಿ ನನಗಷ್ಟೇ ಹೇಳಿದರು, "ಬ್ರೋಕರ್ ಮಾರುವ ಕಂಪೆನಿಯವರು ಷಾರ್ಲೆಟ್‌ನಲ್ಲಿ ಕೆಲಸ, ಗ್ರೀನ್ ಕಾರ್ಡ್ ಎರಡೂ ಕೊಡ್ತೇವೆ ಅಂದ್ರು. ನಿಂಗಿನ್ನೂ ಮದುವೆ ಆಗ್ಲಿಲ್ಲ ಅಲ್ವಾ, ಊರಿಗೆ ಹೋದ್ರೂ ನಡೀತದೆ ಅಂತ ಗ್ರಹಿಸಿದೆ."

ಉಂಡ ಗಂಜಿಯೆಲ್ಲ ಕಹಿಯಾಯ್ತು. ಇಂಥವನಿಗೆ ಇನ್ನು ಬಹುವಚನ ಯಾಕೆ?

"ಏನಂದ?" ಅಂತ ಲಿಂಡಾ ನನ್ನನ್ನೇ ಕೇಳಿದಳು.

ಬೇಡ ಅಂತ ಅವನು ತಲೆ ಅಲ್ಲಾಡಿಸಿದ.

ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ.